ಮೂರನೆಯ ಕೋಣೆಯಲ್ಲಿದ್ದದ್ದು ನಾನು

ಬ್ರಹ್ಮಾವರ
ಸೋಮವಾರ

ನಾಗು,

‘ಪ್ರೀತಿಯ’ ಎಂದು ಬರೆಯಲು ಹೋಗಿ ಪೆನ್ನು ನಿಂತಿತು. ಮೂವತ್ತೆಂಟು ವರ್ಷ ಮಾತು ಬಿಟ್ಟವಳು ಒಮ್ಮೆಲೇ ಹಾಗೆ ಬರೆದರೆ ನಿನಗೆ ನಗು ಬಂದೀತು ಅನ್ನಿಸಿತು. ಹಾಗಾಗಿ ಬರೀ ಹೆಸರು. ಕೆಳಗಿನ ಸಹಿಯನ್ನು ಮೊದಲೇ ನೋಡಬೇಡ ಎಂದರೂ ನೀನು ನೋಡದೆ ಇರುವವಳಲ್ಲ, ಅದಕ್ಕೆ ಇಲ್ಲೇ ಹೇಳಿಬಿಡುತ್ತೇನೆ. ನಾನು ವನಜ. ತಲ್ಲೂರಿನ ವನಜ, ಏಳನೇ ಕ್ಲಾಸಿನವರೆಗೆ ನಿನ್ನ ಪಕ್ಕದಲ್ಲೇ ಕೂತವಳು, ಆಮೇಲೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿದವಳು. ಕಾಗದವನ್ನು ಹರಿಯುವುದಿದ್ದರೆ ಪೂರ್ತಿ ಓದಿ ಆಮೇಲೆ ಹರಿ.

ಮೊನ್ನೆ ಶನಿವಾರ ಮಧ್ಯಾಹ್ನ ನೀನು ನಿನ್ನ ಮಗಳು ಚೇತನಾಳ ಜೊತೆ, ತಲ್ಲೂರಿನ ಹತ್ತಿರ ಮುಚ್ಚಿಹೋದ ಹೆಂಚಿನ ಕಾರ್ಖಾನೆಗೆ ನಾಟಕ ನೋಡಲು ಬಂದಿದ್ದೆ. ನೋಡಲು ಅನ್ನುವುದೂ ತಪ್ಪು, ಅದರಲ್ಲಿ ಬಂದವರೇ ಪಾತ್ರ ಮಾಡಬೇಕು. ಮೂರನೆಯ ಕೋಣೆಯಲ್ಲಿ ಕಪ್ಪು ಪರದೆಯ ಎದುರು ಕುರ್ಚಿಯಲ್ಲಿ ಕೂತು ನೀನು ಒಂದು ಯಂತ್ರದ ಜೊತೆ ಮಾತಾಡಿದೆ. ನಾಗು, ಅದು ಯಂತ್ರ ಆಗಿರಲಿಲ್ಲ. ಪರದೆಯ ಆಚೆ ಮೈಕಿನ ಎದುರು ಕೂತಿದ್ದವಳು ನಾನು. ನೀನು ಹೇಳಿದ್ದನ್ನೆಲ್ಲ ನಾನು ಕೇಳಿದೆ.

ಇದನ್ನು ಫೋನ್ ಮಾಡಿ ಹೇಳಬಹುದಿತ್ತು. ಚೇತನಾಳ ನಂಬರು ನಾಟಕದವರ ಪಟ್ಟಿಯಲ್ಲೇ ಇದೆ. ಆದರೆ ಫೋನು ಕಿವಿಗಿಟ್ಟ ಕೂಡಲೇ ನನ್ನ ದನಿ ತಾನಾಗಿಯೇ ಎಕ್ಸ್‌ಚೇಂಜಿನ ದನಿ ಆಗಿಬಿಡುತ್ತದೆ. ಹಾಲಿನವನಿಗೆ ನಾಳೆ ಹಾಲು ಬೇಡ ಎಂದರೂ ಯಾವುದೋ ಆಫೀಸಿನಿಂದ ನೋಟಿಸು ಬಂದ ಹಾಗೆ ಕೇಳುತ್ತದಂತೆ. ನಿನ್ನ ಹತ್ತಿರ ಆ ದನಿಯಲ್ಲಿ ಇನ್ನೊಮ್ಮೆ ಮಾತಾಡುವ ಧೈರ್ಯ ನನಗಿಲ್ಲ. ಯಾಕೆಂದು ನಿನಗೆ ಗೊತ್ತು.

ಆ ದನಿಯೇ ನನ್ನನ್ನು ನಾಟಕಕ್ಕೂ ಎಳೆದದ್ದು. ರಿಟೈರಾದ ಮೇಲೆ ಇಲ್ಲಿ ಬ್ರಹ್ಮಾವರದಲ್ಲಿ ಒಂದು ಸಣ್ಣ ಮನೆ ಮಾಡಿಕೊಂಡಿದ್ದೇನೆ. ಮದುವೆ ಆಗಲಿಲ್ಲ, ಅದಕ್ಕೆ ದುಃಖವೂ ಇಲ್ಲ. ಪಕ್ಕದ ಮನೆಯ ಪ್ರಣೀತಾ ನಾಟಕ ಕಲಿತು ಬಂದ ಹುಡುಗಿ, ಊರಿನ ನಾಲ್ಕಾರು ಮಂದಿಯನ್ನು ಸೇರಿಸಿ ತಂಡ ಕಟ್ಟಿದ್ದಾಳೆ. ಒಂದು ದಿನ ನಾನು ಗ್ಯಾಸ್ ಸಿಲಿಂಡರಿಗೆ ಫೋನ್ ಮಾಡುತ್ತಿದ್ದದ್ದನ್ನು ಬೇಲಿಯ ಆಚೆಯಿಂದ ಕೇಳಿಸಿಕೊಂಡು ಓಡಿ ಬಂದಳು. “ವನಜಕ್ಕ, ನಿಮ್ ಸ್ವರ್ದಗೆ ಮನ್ಷ್ಯರೇ ಇಲ್ಲ ಕಾಣಿ. ನಂಗ್ ಅದೇ ಬೇಕಿತ್ತ್” ಎಂದಳು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅರುವತ್ತು ವರ್ಷಕ್ಕೆ ಯಾರೋ ನನ್ನನ್ನು ಕೆಲಸಕ್ಕೆ ಕರೆದರಲ್ಲ ಎಂದು ಸೆರಗು ಸರಿಮಾಡಿಕೊಂಡು ಹೊರಟೆ.

ನಾಟಕದ ಹೆಸರು ‘ಆಚಿಗಿಪ್ಪುದ್ ಯಾರ್?’ ಎಂದು. ರಂಗಸ್ಥಳವಿಲ್ಲ, ಬಣ್ಣವಿಲ್ಲ, ಕೂತು ನೋಡಲು ಬೆಂಚೂ ಇಲ್ಲ. ನೀನೇ ನಡೆದ ದಾರಿ ಅದು, ಆದರೂ ಹೇಳುತ್ತೇನೆ, ಯಾಕೆಂದರೆ ನೀನು ನೋಡಿದ್ದು ಮುಂದಿನಿಂದ, ನಾನು ನೋಡಿದ್ದು ಹಿಂದಿನಿಂದ. ಬಾಗಿಲಲ್ಲಿ ಧನ್ಯಶ್ರೀ ಎಂಬ ಹುಡುಗಿ ನಿನ್ನ ಹೆಸರನ್ನೂ ಮೊಬೈಲನ್ನೂ ತೆಗೆದಿಟ್ಟುಕೊಂಡು ಕೈಗೊಂದು ನಂಬರಿನ ಚೀಟಿ ಕೊಟ್ಟಳು. ಒಳಗಿರುವಷ್ಟು ಹೊತ್ತು ನೀನು ನಾಗು ಅಲ್ಲ, ನಲವತ್ತಾರು. ಎರಡನೆಯ ಕೋಣೆಯ ಕ್ಯಾಮೆರಾ ನಿನ್ನ ಮುಖ ನೋಡಿ, ಪ್ರಾಯ ಎಷ್ಟು, ಮನಸ್ಸು ಹೇಗಿದೆ ಎಂದು ಗೋಡೆಯ ಮೇಲೆ ಬರೆದು ತೋರಿಸಿತು. ಬಿಸಿಲಿಗೆ ಹುಬ್ಬು ಗಂಟು ಹಾಕಿಕೊಂಡು ಬಂದವರಿಗೆಲ್ಲ ಅದು ‘ನೀವು ಕೋಪದಲ್ಲಿದ್ದೀರಿ’ ಎನ್ನುತ್ತಿತ್ತು. ಕೋಪವಿಲ್ಲದವರಿಗೂ ಅದನ್ನು ಓದಿ ಕೋಪ ಬರುತ್ತಿತ್ತು. ಕೊನೆಯ ಕೋಣೆಯಲ್ಲಿ ಎಲ್ಲರ ಹೆಸರನ್ನೂ ಒಬ್ಬೊಬ್ಬರದಾಗಿ ಗಟ್ಟಿಯಾಗಿ ಕೂಗಿ ವಾಪಸು ಕೊಡುತ್ತಿದ್ದರು. ತಮ್ಮದೇ ಹೆಸರು ಕೇಳಿ ಕೈ ಎತ್ತುವಾಗ ದೊಡ್ಡ ದೊಡ್ಡವರೂ ಶಾಲೆಯ ಮಕ್ಕಳ ಹಾಗೆ ನಾಚುತ್ತಿದ್ದರು.

ಮೂರನೆಯ ಕೋಣೆ ನನ್ನದು. ಅದರ ನಿಯಮವನ್ನು ನಿನಗೆ ಬಾಗಿಲಲ್ಲೇ ಹೇಳಿದ್ದರು. ಪರದೆಯ ಆಚೆಯ ದನಿ ಯಂತ್ರದ್ದಿರಬಹುದು, ಮನುಷ್ಯರದ್ದೂ ಇರಬಹುದು. ಹೊರಗೆ ಬರುವಾಗ ಯಾವುದೆಂದು ಹೇಳಬೇಕು. ಮನುಷ್ಯ ಎಂದವರಿಗೆ ಪರದೆ ಸರಿಸಿ ತೋರಿಸುತ್ತಾರೆ. ಯಂತ್ರ ಎಂದವರು ಹಾಗೇ ಮುಂದೆ ಹೋಗಬೇಕು. ಕೆಲವರ ಪಾಲಿಗೆ ಅಜಿತ್ ಎಂಬವನು ತಯಾರು ಮಾಡಿದ ಕಂಪ್ಯೂಟರೇ ಮಾತಾಡುತ್ತಿತ್ತು, ಉಳಿದವರಿಗೆ ನಾನು. ನನ್ನೆದುರಿನ ಸ್ಕ್ರೀನಿನಲ್ಲಿ ಬಂದ ಪ್ರಶ್ನೆಯನ್ನು ಬಂದ ಹಾಗೇ ಓದಬೇಕು, ಅಷ್ಟೇ ಕೆಲಸ. ಮೊದಲ ವಾರದ ಕಥೆ ಕೇಳು. ನನ್ನ ಜೊತೆ ಮಾತಾಡಿದ ಹತ್ತರಲ್ಲಿ ಎಂಟು ಜನ ನನ್ನನ್ನು ಯಂತ್ರ ಎಂದೇ ಬರೆಸಿದರು. ಅಜಿತನ ಕಂಪ್ಯೂಟರು ನಡುನಡುವೆ ‘ಹೌದಾ’, ‘ಅಯ್ಯೋ ಪಾಪ’ ಎನ್ನುವುದನ್ನು ಕಲಿತಿತ್ತು, ಅದನ್ನು ಬಹಳ ಜನ ಮನುಷ್ಯ ಎಂದರು. ತಂಡದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ಕನ್ನಡಿಯ ಎದುರು ಸ್ವಲ್ಪ ಹೊತ್ತು ಸುಮ್ಮನೆ ನಿಂತೆ ಎನ್ನುವುದನ್ನು ನಿನಗೊಬ್ಬಳಿಗೇ ಹೇಳುತ್ತಿದ್ದೇನೆ.

ಒಂದು ವಿಷಯ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಆಚೆ ಇರುವುದು ಯಂತ್ರ ಎಂದು ನಂಬಿದವರೇ ಹೆಚ್ಚು ಮನಸ್ಸು ಬಿಚ್ಚುತ್ತಿದ್ದರು. ಬೈಂದೂರಿನಿಂದ ಬಂದ ಒಬ್ಬರು, ದನಿ ಕೇಳಿದರೆ ಐವತ್ತು ದಾಟಿದ ಗಂಡಸು, ತನಗೆ ಬಲಗಿವಿ ಕೇಳದೆ ಇಪ್ಪತ್ತು ವರ್ಷ ಆಯಿತು, ಹೆಂಡತಿಗೂ ಹೇಳಿಲ್ಲ ಎಂದರು. ಯಾರೆಂದು ನಾನು ಹೇಳುವುದಿಲ್ಲ. ಹೆಂಡತಿ ಎಡಗಡೆ ನಿಂತು ಮಾತಾಡುವ ಹಾಗೆ ನೋಡಿಕೊಂಡು ಇಪ್ಪತ್ತು ವರ್ಷ ಸಂಸಾರ ಮಾಡಿದ್ದಾರೆ. ಹೆಂಡತಿಗೆ ಹೇಳಿದರೆ ಏನಾಗುತ್ತಿತ್ತು? ಬೇಸರ ಮಾಡಿಕೊಳ್ಳುತ್ತಿದ್ದಳು, ಬೈಯುತ್ತಿದ್ದಳು, ಡಾಕ್ಟರ ಹತ್ತಿರ ಎಳೆದುಕೊಂಡು ಹೋಗುತ್ತಿದ್ದಳು. ಯಂತ್ರ ಇದ್ಯಾವುದನ್ನೂ ಮಾಡುವುದಿಲ್ಲ, ಅದಕ್ಕೇ ಜನರಿಗೆ ಅದರ ಹತ್ತಿರ ಸಲೀಸು. ಅವರ ಮಾತು ಮುಗಿದ ಮೇಲೆ ನಾನು ಸ್ಕ್ರೀನಿನಲ್ಲಿದ್ದದ್ದನ್ನು ಓದಿದೆ. ‘ನಿಮ್ಮ ಉತ್ತರಕ್ಕೆ ಧನ್ಯವಾದ. ಮುಂದಿನ ಪ್ರಶ್ನೆ.’

ಶನಿವಾರ ನೀನು ಬಂದೆ. ಪರದೆ ದಪ್ಪ, ನನಗೆ ಆಚೆ ಏನೂ ಕಾಣುವುದಿಲ್ಲ. ಕುರ್ಚಿ ಎಳೆದ ಸದ್ದು, ಆಮೇಲೆ ಏದುಸಿರು. ಯಾರೋ ಪ್ರಾಯವಾದ ಹೆಂಗಸು ಬಿಸಿಲಲ್ಲಿ ನಡೆದು ಬಂದಿದ್ದಾರೆ ಎನ್ನುವಷ್ಟು ಮಾತ್ರ ತಿಳಿಯಿತು. ಸ್ಕ್ರೀನಿನಲ್ಲಿ ‘ನಮಸ್ಕಾರ. ನೀವು ಯಾರು?’ ಎಂದಿತ್ತು. ನನ್ನ ಬಾಯಿಯಿಂದ ಬಂದದ್ದು, “ಮೊದ್ಲ್ ಆಸ್ರಿಗೆ ಕುಡೀನಿ. ಆಮೇಲ್ ಮಾತಾಡ್ವ.” ಕುರ್ಚಿಯ ಪಕ್ಕ ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲದ ತುಂಡು ಇಡಿಸಿದ್ದೂ ನಾನೇ. ನಮ್ಮ ಕಡೆ ಬಿಸಿಲಿಂದ ಬಂದವರಿಗೆ ಆಸ್ರಿಗೆ ಕೊಡದೆ ಹೆಸರು ಕೇಳುವುದು ಉಂಟೇ? ಪುಸ್ತಕದ ಕನ್ನಡದಲ್ಲೇ ಮಾತಾಡಬೇಕಾದ ಯಂತ್ರ ಹೀಗೆ ಸಿಕ್ಕಿಬಿದ್ದಿತು. ಕಿವಿಯ ಇಯರ್‌ಫೋನಿನಲ್ಲಿ ಅಜಿತ್ “ಎಂತ ಮಾರಾಯ್ರೆ ಇದ್” ಎಂದು ಗೊಣಗಿದ.

ನೀನು ನಕ್ಕೆ. “ಮಿಷಿನಿಗೂ ಗೊತ್ತಿತ್ತಾ ಆಸ್ರಿಗೆ?” ಎಂದೆ. ಮೊದಲು ಮೂಗಿನಲ್ಲಿ ಒಂದು ಸದ್ದು, ಆಮೇಲೆ ನಗು. ಆ ನಗುವಿನ ದೆಸೆಯಿಂದ ನಾವಿಬ್ಬರೂ ಎಷ್ಟು ಸಲ ಬೆಂಚಿನ ಮೇಲೆ ನಿಂತಿದ್ದೆವು ಎಂದು ನಿನಗೇ ಗೊತ್ತು. ಪರದೆಯ ಆಚೆ ಇರುವುದು ನೀನೇ ಎಂದು ಆಗ ಗೊತ್ತಾಯಿತು.

ಆಗಲೇ ಎದ್ದು ಹೋಗಬಹುದಿತ್ತು. ಇನ್ನೊಂದು ಗುಂಡಿ ಒತ್ತಿ ಕಂಪ್ಯೂಟರಿಗೆ ಒಪ್ಪಿಸಬಹುದಿತ್ತು. ನಾನು ಎರಡೂ ಮಾಡಲಿಲ್ಲ. ನಿನ್ನ ದನಿ ಕೇಳುವ ಆಸೆಯಾಯಿತು, ಬೇರೆ ಕಾರಣ ಇಲ್ಲ. ನೀವು ಯಾರು ಎಂದು ಓದಿದೆ. “ನಲ್ವತ್ತಾರ್ ಅಂದೇಳಿ ಚೀಟಿ ಕೊಟ್ಟಿರ್ ಕಾಣಿ. ಮೀನ್ ಮಾರುವಳ್. ಈಗ ಮಂಡಿ ನೋವ್, ಮಾರುದ್ ಬಿಟ್ಟಿದೆ” ಎಂದೆ ನೀನು. ನೀವು ನೀವೇ ಎಂದು ನಿಮಗೆ ಹೇಗೆ ಗೊತ್ತು ಎಂದು ಓದಿದೆ. ಕಾಲೇಜು ಮೇಷ್ಟ್ರುಗಳೆಲ್ಲ ಅರ್ಧ ಗಂಟೆ ಒದ್ದಾಡಿದ ಪ್ರಶ್ನೆ ಅದು. ನೀನು ತಂಬಿಗೆ ಕೆಳಗಿಟ್ಟು, “ಬೆಳಿಗ್ಗೆ ಎದ್ದ್ ಕೂಡ್ಲೆ ಯಾರ್ ನೆನ್ಪಾತ್ರೋ, ಅದ್ರಗೇ ಗೊತ್ತಾತ್ತ್ ನಾನ್ ಯಾರಂದೇಳಿ” ಎಂದೆ. ನಾಲ್ಕನೆಯ ಪ್ರಶ್ನೆ, ‘ಯಾರಿಗೂ ಹೇಳದ ಒಂದು ಮಾತನ್ನು ಹೇಳಿ.’ ನೀನು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡೆ.

ಇಲ್ಲಿ ನಿನಗೆ ಗೊತ್ತಿರುವುದನ್ನೇ ಬರೆಯಬೇಕು, ಯಾಕೆಂದರೆ ಅದನ್ನು ನನ್ನ ಬಾಯಿಯಿಂದ ನೀನು ಯಾವತ್ತೂ ಕೇಳಿಲ್ಲ. ಎಂಬತ್ತೇಳನೇ ಇಸವಿ, ನವರಾತ್ರಿ ಕಳೆದ ವಾರ. ಚೇತನಾಗೆ ಆರು ತಿಂಗಳು. ಅವಳ ಅಪ್ಪ ಚಂದ್ರಣ್ಣ ನಮ್ಮೂರಿನ ಧನಿಯೊಬ್ಬರ ಬೋಟಿನಲ್ಲಿ ರತ್ನಾಗಿರಿ ಕಡೆಗೆ ಬಲೆ ಎಳೆಯುವ ಕೆಲಸಕ್ಕೆ ಹೋಗಿದ್ದರು. ವಾರಕ್ಕೊಮ್ಮೆ ಅಲ್ಲಿಂದ ನಿನ್ನ ಹೆಸರಿಗೆ ಟ್ರಂಕ್ ಕಾಲ್ ಮಾಡುತ್ತಿದ್ದರು, ನೀನು ನಮ್ಮ ಎಕ್ಸ್‌ಚೇಂಜಿಗೆ ಬಂದು ಮಾತಾಡುತ್ತಿದ್ದೆ. ಕಾಲ್ ಜೋಡಿಸಿದ ಮೇಲೆ ಲೈನು ಸರಿಯಾಗಿದೆಯೇ ಎಂದು ಒಂದು ಗಳಿಗೆ ಕಿವಿ ಕೊಡುವುದು ನಮ್ಮ ಕೆಲಸ. ಕಿವಿಗೆ ಬಿದ್ದದ್ದನ್ನು ಅಲ್ಲೇ ಬಿಡಬೇಕು ಎನ್ನುವುದು ನಿಯಮ. ಆ ಮಧ್ಯಾಹ್ನ ರತ್ನಾಗಿರಿಯಿಂದ ಧನಿಗೆ ಬಂದ ಕಾಲನ್ನು ಜೋಡಿಸಿದವಳು ನಾನು. ಬೋಟು ಮಗುಚಿದೆ, ಮೂರು ಜನ ಸಿಕ್ಕಿಲ್ಲ ಎಂದು ಹೆಸರು ಹೇಳಿದರು. ಎರಡನೇ ಹೆಸರು ಚಂದ್ರಣ್ಣನದು. “ಹೆಣ ಸಿಕ್ಕುವರಿಗ್ ಯಾರ್ ಮನಿಗೂ ಸುದ್ದಿ ಕೊಡ್ಬೇಡಿ. ಬೇರೆ ಬೋಟಿನರ್ ಎತ್ಕಂಡಿರ್ಲಕ್ಕ್” ಎಂದರು ಧನಿ.

ಮರುದಿನ ನೀನು ಮೀನಿನ ಬುಟ್ಟಿ ಖಾಲಿ ಮಾಡಿಕೊಂಡು ಕಿಟಕಿಗೆ ಬಂದೆ. ತಲೆಯಲ್ಲಿ ಅಬ್ಬಲಿಗೆ ಹೂ. “ನಮ್ಮನಿಯರ್ ಫೋನ್ ಬಂತಾ ಹೆಣೇ?” ಎಂದೆ. ನಾನು ಬೋರ್ಡಿನಿಂದ ಮುಖ ಎತ್ತದೆ, “ನಿಮ್ಮ ಹೆಸರಿಗೆ ಯಾವ ಕರೆಯೂ ಬಂದಿಲ್ಲ” ಎಂದೆ. ನಿನಗೆ ‘ನಿಮ್ಮ’ ಎಂದೆ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡು ನೀನು ನಕ್ಕು ಹೋದೆ. ಹೀಗೆ ಒಂಬತ್ತು ದಿನ. ನಾನು ಹೇಳಿದ್ದು ಸುಳ್ಳೂ ಅಲ್ಲ, ನಿನ್ನ ಹೆಸರಿಗೆ ಕರೆ ಬಂದಿರಲಿಲ್ಲ. ಹತ್ತನೇ ದಿನ ಹೆಣ ಸಿಕ್ಕಿತು. ಎಕ್ಸ್‌ಚೇಂಜಿನ ಹುಡುಗಿಗೆ ಮೊದಲೇ ಗೊತ್ತಿತ್ತು ಎನ್ನುವುದು ಧನಿಯ ಮನೆಯಿಂದಲೇ ಊರಿಗೆಲ್ಲ ಹರಡಿತು. ಗಂಡ ಸತ್ತ ಮೇಲೂ ಹೂ ಮುಡಿದು ತಿರುಗಿದಳು ಎಂದು ನಿನ್ನನ್ನು ಆಡಿಕೊಂಡರು. ನಾನು ಬ್ರಹ್ಮಾವರಕ್ಕೆ ವರ್ಗ ಕೇಳಿ ಪಡೆದೆ. ಆಮೇಲೆ ಒಮ್ಮೆ ಶನಿವಾರದ ಸಂತೆಯಲ್ಲಿ ನೀನು ನನ್ನನ್ನು ಕಂಡು ಮುಖ ತಿರುಗಿಸಿದ ಹಾಗಿತ್ತು. ಹೇಳದೆ ಇದ್ದದ್ದಕ್ಕೆ ನಾಗು ನನ್ನನ್ನು ಕ್ಷಮಿಸುವುದಿಲ್ಲ ಎಂದು ತೀರ್ಮಾನ ಮಾಡಿಕೊಂಡೆ, ಇಷ್ಟು ವರ್ಷ ಅದನ್ನೇ ನಂಬಿಕೊಂಡು ಬದುಕಿದೆ.

ಇನ್ನು ನೀನು ಪರದೆಗೆ ಹೇಳಿದ್ದು. ಒಂದು ಮಾತೂ ಬಿಡದೆ ಬರೆಯುತ್ತೇನೆ, ಕೇಳಿದ್ದನ್ನು ನೆನಪಿಟ್ಟುಕೊಳ್ಳುವುದರಲ್ಲಿ ನಾನು ಗಟ್ಟಿ.

“ನಂಗೊಬ್ಳ್ ದೋಸ್ತಿ ಇದ್ಲ್. ಎಕ್ಸ್‌ಚೇಂಜಗ್ ಕೆಲ್ಸ. ನಮ್ಮನಿಯರ್ ಹೋದ್ ಸುದ್ದಿ ಗೊತ್ತಿದ್ದೂ ಹೇಳ್ಲಿಲ್ಲ ಅಂದೇಳಿ ಊರೆಲ್ಲ ಅವ್ಳಿಗ್ ಬೈತ್. ನಾನ್ ಬೈಲಿಲ್ಲ. ಮೊದ್ಲೇ ಗೊತ್ತಾರೆ ನಾನೆಂತ ಮಾಡ್ತಿದ್ದೆ? ಒಂಬತ್ ದಿನ ಮುಂಚೆ ಮರ್ಕುದ್, ಅಷ್ಟೇ ಅಲ್ದಾ. ಆ ಒಂಬತ್ ದಿನ ನಾನ್ ಹೂ ಮುಡ್ದೆ, ಮೀನ್ ತಿಂದೆ, ಮಗಿನ್ ಎತ್ಕಂಡ್ ಅಪ್ಪಯ್ಯ ಬತ್ರ್ ಅಂದೆ. ಆ ದಿನ ಈಗಳೂ ನಂದೇ. ಸಿಟ್ಟ್ ಅದ್ಕಲ್ಲ.”

ಇಲ್ಲಿ ನೀನು ಮೂಗು ಒರೆಸಿಕೊಂಡೆ.

“ಸಾವಿನ್ ಮನಿಯಗೆ ಒಲಿ ಹೊತ್ಸುಕಿಲ್ಲ ಅಲ್ದಾ. ಎಲ್ಲರ್ ಮನಿಯಿಂದೂ ಗಂಜಿ ಬಂತ್. ನಮ್ಗ್ ಆಗ್ದಿದ್ದರ್ ಸೈತ ತಂದ್ರ್. ನಾನ್ ದಿನಾ ಬಾಗ್ಲ್ ಕಂಡದ್ದೇ. ಅವ್ಳ್ ಬರ್ಲಿಲ್ಲ. ಸಂತೆಯಗ್ ಕಂಡ್ರೂ ಮುಖ ತಿರ್ಗ್ಸಿ ಹೋದ್ಲ್. ಗಂಜಿ ಇಲ್ದಿರೂ ಅಡ್ಡಿಲ್ಲ, ಬೈಸ್ಕಂಬುಕಾರೂ ಬರ್ಕಿತ್ತ್ ಅವ್ಳ್.”

ಸ್ಕ್ರೀನಿನಲ್ಲಿ ಮುಂದಿನ ಸಾಲು ಬಂತು. ನಾಗು, ನಾನು ಅದನ್ನು ಓದಿದೆ. “ನಿಮ್ಮ ಉತ್ತರಕ್ಕೆ ಧನ್ಯವಾದ. ಮುಂದಿನ ಪ್ರಶ್ನೆ.” ನನ್ನ ದನಿ ಒಂದು ಚೂರೂ ನಡುಗಲಿಲ್ಲ. ಅಷ್ಟು ಚೆನ್ನಾಗಿ ಕಲಿಸಿದ್ದಾರೆ ನಮಗೆ. ಕಣ್ಣಿನಿಂದ ನೀರು ಇಳಿದು ಮೈಕಿನ ಮೇಲೆ ಬೀಳುತ್ತಿತ್ತು, ದನಿ ಮಾತ್ರ ಅದರ ಪಾಡಿಗೆ ಅದು ಓದುತ್ತಿತ್ತು. ಆವತ್ತು ಕಿಟಕಿಯಲ್ಲಿ ಮಾಡಿದ್ದನ್ನೇ ಮೊನ್ನೆಯೂ ಮಾಡಿದೆ. ಆಗ ಇಪ್ಪತ್ತೆರಡು ವರ್ಷ, ಕೆಲಸ ಹೋದೀತೆಂಬ ಹೆದರಿಕೆ ಎಂದು ಹೇಳಿಕೊಳ್ಳಬಹುದು. ಈಗ ಏನೆಂದು ಹೇಳಲಿ?

ನಿನಗೆ ಗೊತ್ತಿಲ್ಲದ್ದು ಒಂದಿದೆ. ಹೆಣ ಸಿಕ್ಕಿದ ಸುದ್ದಿ ಊರಿಗೆ ಬಂದ ಮರುದಿನ ನಾನು ಗಂಜಿ ಬೇಯಿಸಿದ್ದೆ. ಪಾತ್ರೆಗೆ ಹಾಕಿ, ಮೇಲೆ ಬಟ್ಟೆ ಬಿಗಿದು, ಉಪ್ಪಿನಕಾಯಿ ಬೇರೆ ಕಟ್ಟಿಕೊಂಡು ತಲ್ಲೂರಿನಲ್ಲಿ ಬಸ್ಸಿಗೆ ನಿಂತಿದ್ದೆ. ಬಸ್ಸು ಬಂತು, ಕಂಡಕ್ಟರು ಹತ್ತಿ ಹತ್ತಿ ಎಂದ, ನಾನು ಹತ್ತಲಿಲ್ಲ. ಎರಡನೇ ಬಸ್ಸೂ ಹೋಯಿತು. ನೀನು ಏನು ಕೇಳಬಹುದು, ನಾನು ಏನು ಉತ್ತರ ಕೊಡಬಹುದು ಎಂದು ಯೋಚಿಸಿ ಯೋಚಿಸಿ ಒಂದೂ ಉತ್ತರ ಸರಿಹೋಗಲಿಲ್ಲ. ಮನೆಗೆ ತಿರುಗಿ ಹೋಗಿ ಗಂಜಿಯನ್ನು ದನದ ಬಾನಿಗೆ ಸುರಿದೆ. ನಿನ್ನ ಮನೆಗೆ ಬರಲು ಉತ್ತರ ಬೇಕಾಗಿರಲಿಲ್ಲ ಎನ್ನುವುದು ನನ್ನ ತಲೆಗೆ ಹೊಳೆಯಲೇ ಇಲ್ಲ. ದಿನಕ್ಕೆ ನೂರು ಜನರ ಪ್ರಶ್ನೆಗೆ ಉತ್ತರ ಕೊಡುವ ಕೆಲಸ ಮಾಡಿ ಮಾಡಿ, ಉತ್ತರ ಇಲ್ಲದಿದ್ದರೆ ಹೋಗಲೇಬಾರದು ಎಂದುಕೊಂಡಿದ್ದೆ.

ಸಂಜೆ ಚಾ ಕುಡಿಯುವಾಗ ಧನ್ಯಶ್ರೀ ದಿನವೂ ತನ್ನ ಪುಸ್ತಕ ತೆಗೆದು, ಬಂದವರು ಬಾಗಿಲಲ್ಲಿ ಹೇಳಿದ ಉತ್ತರಗಳನ್ನು ಓದಿ ಹೇಳುತ್ತಾಳೆ. ಶನಿವಾರ ನಲವತ್ತಾರನೆಯ ನಂಬರು ಬಂದಾಗ, “ಈ ಅಮ್ಮ ಹೇಳಿದ್ದ್ ಕೇಣಿ” ಎಂದು ಓದಿದಳು. ಯಂತ್ರವೋ ಮನುಷ್ಯರೋ ಎಂದು ಅವಳು ಕೇಳಿದ್ದಕ್ಕೆ ನೀನು ಕೊಟ್ಟ ಉತ್ತರ: “ಮಿಷಿನ್ ಅಂದೇಳಿ ಬರ್ಕೋ ಮಗಾ. ಮನ್ಷ್ಯರ್ ಆಯಿದ್ರೆ ಎದ್ದ್ ಹೊರ್ಗ್ ಬತ್ತಿದ್ರ್.”

ಯಾರೂ ನಗಲಿಲ್ಲ. ನಾನು ಕೈಯಲ್ಲಿದ್ದ ಚಾ ಕೆಳಗಿಟ್ಟೆ. ನೀನು ನನ್ನ ದನಿಯನ್ನು ಗುರುತಿಸಿ ಹಾಗೆ ಹೇಳಿದೆಯೋ, ಸುಮ್ಮನೆ ಹೇಳಿದೆಯೋ ನನಗೆ ಗೊತ್ತಿಲ್ಲ. ಗುರುತಿಸಿದ್ದರೂ ಗುರುತಿಸದಿದ್ದರೂ ಅದು ನನಗೆ ಸಲ್ಲಬೇಕಾದ ಮಾತೇ. ಅಜಿತ್ ಕಂಪ್ಯೂಟರಿಗೆ ಅಯ್ಯೋ ಪಾಪ ಎನ್ನುವುದನ್ನು ಕಲಿಸಿದ್ದಾನೆ, ನಾಳೆ ಮೂಗು ಒರೆಸಿಕೊಳ್ಳುವ ಸದ್ದನ್ನೂ ಕಲಿಸಿಯಾನು. ಎದ್ದು ಹೊರಗೆ ಬರುವುದನ್ನು ಮಾತ್ರ ಯಾರೂ ನನಗೆ ಕಲಿಸಬೇಕಾಗಿರಲಿಲ್ಲ, ಕಾಲಿತ್ತು, ದಾರಿ ಗೊತ್ತಿತ್ತು.

ಮೂರನೆಯ ಕೋಣೆಯಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದು, ಹೇಳಿದವರನ್ನು ಹುಡುಕಿಕೊಂಡು ಹೋಗಬಾರದು ಎಂದು ಈ ನಾಟಕದಲ್ಲೂ ನಿಯಮ ಇದೆ. ನನಗೆ ಇಂಥದ್ದೇ ನಿಯಮಗಳು ಗಂಟು ಬೀಳುತ್ತವೆ. ನಿನ್ನೆ ಪ್ರಣೀತಾಳ ಹತ್ತಿರ ಎಲ್ಲವನ್ನೂ ಹೇಳಿ, ನಾನು ಈ ಸಲ ನಿಯಮ ಮುರಿಯುವವಳಿದ್ದೇನೆ, ನನ್ನನ್ನು ಬಿಟ್ಟುಬಿಡು ಎಂದೆ. ಅವಳು ನನ್ನ ಕೈ ಹಿಡಿದುಕೊಂಡು, “ಆ ನಿಯಮ ಬರ್ದದ್ ನಾನೇ ವನಜಕ್ಕ. ನೀವ್ ಹೋಯ್ನಿ” ಎಂದಳು. ಇನ್ನು ಮೇಲೆ ನನ್ನ ಜಾಗದಲ್ಲೂ ಕಂಪ್ಯೂಟರನ್ನೇ ಕೂರಿಸುತ್ತಾರೆ. ಬಂದವರಿಗೆ ವ್ಯತ್ಯಾಸ ಗೊತ್ತಾಗಲಿಕ್ಕಿಲ್ಲ ಎಂದು ಅಜಿತ್ ನನಗೆ ಸಮಾಧಾನ ಹೇಳಿದ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಬೆಳಿಗ್ಗೆ ಬಸ್ಸು ಹತ್ತಿ ಕುಂದಾಪುರದಲ್ಲಿ ಇಳಿದು ಕೋಡಿಯ ನಿನ್ನ ಮನೆಗೆ ಬರುತ್ತೇನೆ. ಇದನ್ನು ಚೇತನಾಳ ಕೈಯಲ್ಲಿ ಒಳಗೆ ಕಳಿಸಿ ನಾನು ಅಂಗಳದಲ್ಲಿ ನಿಲ್ಲುತ್ತೇನೆ. ಕ್ಷಮೆ ಕೇಳುವ ಉದ್ದನೆಯ ಮಾತು ಯಾವುದೂ ಕಲಿತುಕೊಂಡು ಬಂದಿಲ್ಲ. ಬೈಯಲು ಮೂವತ್ತೆಂಟು ವರ್ಷದ್ದು ಇದೆ, ಒಂದೇ ದಿನಕ್ಕೆ ಮುಗಿಯಲಿಕ್ಕಿಲ್ಲ, ನನಗೆ ತಿರುಗಿ ಹೋಗುವ ಅವಸರವೂ ಇಲ್ಲ. ನೀನು ಮಂಡಿ ನೋವೆಂದು ಹೇಳಿದ್ದೆ, ಆದ್ದರಿಂದ ಏಳಬೇಡ, ಕೂತಲ್ಲಿಂದಲೇ ಬೈ, ನನಗೆ ಕೇಳುತ್ತದೆ.

ನೀನು ಈ ಸಾಲನ್ನು ಓದುವಾಗ ನಾನು ಹೊರಗೇ ಇದ್ದೇನೆ, ನಾಗು. ಕಾಗದ ಕೆಳಗಿಟ್ಟು ಒಮ್ಮೆ ಬಾಗಿಲ ಕಡೆ ನೋಡು.

ನಿನ್ನ ಹೊಟ್ಟೆ ತಣ್ಣಗಿರಲಿ.

ಬೈಸಿಕೊಳ್ಳಲು ಬಂದ
ವನಜ